ಕೈ ಖಾಲಿ ಇರುವವರು ಕೊನೆಗೆ ಬರಬೇಕು

ಅಪ್ಪಾ,

ನೀನಿರುವ ಕಡೆ ಮಳೆ ಇದೆಯೋ ಇಲ್ಲವೋ ಗೊತ್ತಿಲ್ಲ. ಕ್ಷೇಮಸಮಾಚಾರ ಆಮೇಲೆ ಹೇಳುತ್ತೇನೆ, ಮೊದಲು ಸುದ್ದಿ ಕೇಳು. ಕೆರೆ ಕೋಡಿ ಬಿತ್ತು. ಹೌದು, ನಮ್ಮ ಕೆರೆಯೇ. ನೀನು ನೀರುಗಂಟಿಯಾಗಿ ಮೂವತ್ತು ವರ್ಷ ತೂಬಿನ ಕಲ್ಲಿನ ಮೇಲೆ ಕೂತು ಬರೀ ಬಳ್ಳಾರಿ ಜಾಲಿ ಕಾದೆಯಲ್ಲ, ಅದೇ ಕೆರೆ. ನೀನು ಹೋಗಿ ನಾಲ್ಕೇ ತಿಂಗಳಿಗೆ ತುಂಬಿ ಹರಿಯಿತು. ಇನ್ನೊಂದು ಮಳೆಗಾಲ ತಡೆದುಕೊಳ್ಳಲು ಆಗುತ್ತಿರಲಿಲ್ಲವೇ ನಿನಗೆ? ಇಷ್ಟು ವರ್ಷ ಕಾದವನಿಗೆ ನಾಲ್ಕು ತಿಂಗಳು ಒಂದು ಲೆಕ್ಕವೇ? ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಮೊನ್ನೆ ಚೈತ್ರ ನನ್ನ ತೊಡೆಯ ಮೇಲೆ ತಲೆಯಿಟ್ಟು, "ನೀರುಗಂಟಿ ಅಂದ್ರೇನತ್ತೆ?" ಅಂತ ಕೇಳಿದಳು. "ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಡೋನು" ಅಂದೆ. ಅವಳು "ಕೆರೇಲಿ ನೀರೇ ಇರ್ಲಿಲ್ವಲ್ಲ, ತಾತ ಏನ್ ಬಿಡ್ತಿದ್ರು?" ಅಂದಳು. ನಿನ್ನ ಮಗ ಲೋಕಿಯ ಮಗಳಲ್ಲವೇ, ನಾಲಿಗೆ ಎಲ್ಲಿ ಹೋಗುತ್ತದೆ! ನಿನ್ನೆದುರಿಗೇ ಕೇಳಿದ್ದರೆ ನೀನು ಎಷ್ಟು ನಗುತ್ತಿದ್ದೆ. ನೀನು ಬಿಡದೆ ಮಾಡಿದ್ದು ಒಂದೇ ಕೆಲಸ, ಅದನ್ನು ಹತ್ತು ವರ್ಷದ ಹುಡುಗಿಗೆ ಹೇಗೆ ಹೇಳಲಿ?

ಭರಣಿ ಮಳೆ ಹುಟ್ಟುವ ದಿನ ನೆನಪಾಗುತ್ತದೆ. "ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ" ಅಂತ ಊರಿನವರು ನೇಗಿಲು, ಬೀಜ ನೋಡಿಕೊಳ್ಳುತ್ತಿದ್ದರೆ, ನಮ್ಮ ಮನೆಯಲ್ಲಿ ಓಡಿಹೋಗುವ ತಯಾರಿ. ನಿನ್ನದೊಂದೇ ಹಟ: ಕೆರೆಯ ಏರಿ ಒಡೆದರೆ ಏನು ಮಾಡಬೇಕು ಅಂತ ವರ್ಷಕ್ಕೊಮ್ಮೆ ಎಲ್ಲರೂ ನಡೆದು ತೋರಿಸಬೇಕು. ಮನೆಯಿಂದ ಕಾವಲಿನ ದಿಬ್ಬದವರೆಗೆ. ಪಹಣಿ, ಖಾತೆ, ರೇಷನ್ ಕಾರ್ಡುಗಳನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ತಗಡಿನ ಡಬ್ಬಿ ನನ್ನದು. ಹುರಿಹಿಟ್ಟು, ಬೆಲ್ಲ, ಬೆಂಕಿಪೊಟ್ಟಣದ ಗಂಟು ಅಮ್ಮನದು. ದನಗಳ ಹಗ್ಗ ಬಿಚ್ಚುವುದು ಲೋಕಿಯದು. ನಿನ್ನ ಕೈಯಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ. ನಾವೆಲ್ಲ ಹೊರಟ ಮೇಲೆ ನೀನು ಒಂದೊಂದು ಕೋಣೆಯ ಬಾಗಿಲಲ್ಲೂ ನಿಂತು, "ಯಾರಾದ್ರೂ ಒಳಗಿದೀರಾ? ಇದ್ರೆ ಓ ಅನ್ನಿ!" ಅಂತ ಮೂರು ಸಲ ಕೂಗಿ, ಬಾಗಿಲು ಎಳೆದುಕೊಂಡು ಬರುತ್ತಿದ್ದೆ. ದಿಬ್ಬದ ಮೇಲೆ ನಮ್ಮ ತಲೆ ಮುಟ್ಟಿ ಮುಟ್ಟಿ ಎಣಿಸುತ್ತಿದ್ದೆ. ನೀನ್ಯಾಕೆ ಏನೂ ಹೊರಲ್ಲ ಅಂತ ಒಮ್ಮೆ ಕೇಳಿದ್ದಕ್ಕೆ, "ಕೈ ಖಾಲಿ ಇರೋರು ಕೊನೇಗ್ ಬರ್ಬೇಕು ಕಣವ್ವ. ಕೈಲಿ ಸಾಮಾನಿದ್ರೆ ಮನುಸ್ರುನ್ನ ಹೆಂಗ್ ಹಿಡ್ಕಳಾದು?" ಅಂದಿದ್ದೆ.

ಎದುರುಮನೆ ರಂಗಪ್ಪ ಮಾವ ಜಗಲಿಯ ಮೇಲೆ ಕಾಲು ಚಾಚಿ ಕೂತು ನಮ್ಮ ಮೆರವಣಿಗೆ ನೋಡುತ್ತಿದ್ದ. "ಏನಪ್ಪಾ ನೀರುಗಂಟಿ, ಕೆರೇಲಿ ಕಾಗೆ ಕುಡಿಯೋಷ್ಟು ನೀರಿಲ್ಲ, ಸಂಸಾರ ಸಮೇತ ಎಲ್ಲಿಗೆ ವಲಸೆ?" ಅನ್ನುತ್ತಿದ್ದ. ಇಡೀ ಕೇರಿ ನಗುತ್ತಿತ್ತು. ನಮ್ಮ ಕೇರಿ ಇರುವುದೇ ಏರಿಯ ಬುಡದಲ್ಲಿ, ಊರಿರುವುದು ಮೇಲೆ. ಯಾರ ಮನೆ ಎಲ್ಲಿರಬೇಕು ಅಂತ ಹಿಂದೆ ತೀರ್ಮಾನ ಮಾಡಿದವರು ನಮ್ಮನ್ನು ಕೇಳಿದ್ದರೇ? ಏರಿ ಒಡೆದರೆ ಮೊದಲು ನೀರು ಬರುವುದು ನಗುತ್ತಿದ್ದ ಆ ಮನೆಗಳಿಗೇ. ಅದು ನಿನಗೊಬ್ಬನಿಗೇ ನೆನಪಿತ್ತು ಅಂತ ಕಾಣುತ್ತದೆ.

ನಾನು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ ಮಾಡಿದ್ದು ನಿನಗೆ ಮರೆತಿರಲಾರದು. ಡಬ್ಬಿ ಹೊತ್ತು ರಸ್ತೆ ದಾಟುವಾಗ ಪಂಚನಹಳ್ಳಿಯ ಬಸ್ಸು ಬಂದು ನಿಂತಿತು. ಕಿಟಕಿಯ ತುಂಬ ನನ್ನ ಸ್ಕೂಲಿನ ಹುಡುಗಿಯರು. ನಾನು ಡಬ್ಬಿಯನ್ನು ಮೋರಿಯ ಕಟ್ಟೆಯ ಮೇಲೆ ಕುಕ್ಕಿ, "ನೀರಿಲ್ದಿರೋ ಕೆರೆಗೆ ನೀನೊಬ್ಬ ನೀರುಗಂಟಿ! ನಿನ್ ಜೊತೆ ನಾವ್ಯಾಕೆ ಕುಣೀಬೇಕು?" ಅಂದುಬಿಟ್ಟೆ. ಬಸ್ಸಿನವರಿಗೂ ಕೇಳಿಸಿತು. ನೀನು ಬೈಯಲಿಲ್ಲ. ಡಬ್ಬಿ ಎತ್ತಿಕೊಂಡು ನಡೆದೆ. ಅವತ್ತು ಸಂಜೆ ನೀನೊಬ್ಬನೇ ಬರಿಗೈಯಲ್ಲಿ ಮತ್ತೆ ದಿಬ್ಬಕ್ಕೆ ಹೋಗಿ ಬಂದೆಯಂತೆ, ಮೊದಲ ಸಲ ಕೈಯಲ್ಲಿ ಡಬ್ಬಿಯಿತ್ತು, ಅದು ಸರಿಯಾಗಲಿಲ್ಲ ಅಂತ. ಅಮ್ಮ ಇದನ್ನು ನನಗೆ ಹೇಳಿದ್ದು ನನ್ನ ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಆ ಮಾತಿಗೆ ನಾನು ತಪ್ಪಾಯ್ತು ಅನ್ನಲಿಲ್ಲ. ಮುಂದಿನ ವರ್ಷ ಬಾಯಿ ಮುಚ್ಚಿಕೊಂಡು ಡಬ್ಬಿ ಹೊತ್ತೆ, ಅಷ್ಟೇ. ಈಗ ಹೇಳುತ್ತಿದ್ದೇನೆ, ತಪ್ಪಾಯ್ತಪ್ಪ.

ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಡೂರಿನ ಬಸ್ಸಿಗೆ ಕಾಯುತ್ತ ಕೂತಿದ್ದ ಮಧ್ಯಾಹ್ನ ನೆನಪಿದೆಯೇ? ನೀನು ನನ್ನ ಟೈಲರಿಂಗ್ ಅಂಗಡಿ ನೋಡಲು ಬಂದಿದ್ದೆ. ಎದುರಿಗೆ ಒಬ್ಬ ತಾಯಿ ಎರಡು ಬ್ಯಾಗು, ಒಂದು ಮಗು ಹಿಡಿದು ಬಸ್ಸು ಹತ್ತಲು ಒದ್ದಾಡುತ್ತಿದ್ದಳು. ನೀನು ಎದ್ದುಹೋಗಿ ಬ್ಯಾಗು ಹತ್ತಿಸಿ ಬಂದು, ಇದ್ದಕ್ಕಿದ್ದಂತೆ ಶುರು ಮಾಡಿದೆ. "ನಂಗಾಗ ಏಳೊರ್ಷ. ಏರಿ ಒಡೀತು ಅಂತ ಕೂಗಿದ್ರು. ತಂಗಿ ಅವ್ವನ ಸೊಂಟುದ್ ಮೇಲವ್ಳೆ ಅಂತ ನಾನು, ನನ್ ಕೈಲವ್ಳೆ ಅಂತ ಅವ್ವ. ದಿಬ್ಬುದ್ ಮೇಲ್ ಹೋಗಿ ನೋಡುದ್ರೆ ಇಬ್ರು ಕೈಲೂ ಪಾತ್ರೆ." ಅಷ್ಟೇ. ನಿನಗೊಬ್ಬಳು ತಂಗಿಯಿದ್ದಳು ಅನ್ನುವುದೇ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಏನು ಹೆಸರು ಅಂತ ಕೇಳಬೇಕು ಅನ್ನುವಷ್ಟರಲ್ಲಿ ಬಸ್ಸು ಬಂತು. ಆಮೇಲೆ ಕೇಳಲು ಧೈರ್ಯವಾಗಲಿಲ್ಲ, ಈಗ...

ಹೋದ ವರ್ಷದ ಭರಣಿಗೆ ನಿನಗೆ ಅಂಗಳ ದಾಟುವಷ್ಟೂ ಉಸಿರಿರಲಿಲ್ಲ. ಉಬ್ಬಸ ಹಿಡಿದು ಜಗಲಿಯ ಕಂಬಕ್ಕೆ ಒರಗಿ ಕೂತು, ನಮ್ಮನ್ನು ಹೊರಡಿಸಿ, ಬಂದ ಮೇಲೆ ಬೆರಳಿನಲ್ಲಿ ಎಣಿಸಿದೆ. ನಿನ್ನನ್ನೂ ಸೇರಿಸಿ ಆರು ಅಂದೆ. ಆಮೇಲೆ ನನ್ನ ಕಡೆ ತಿರುಗಿ, "ಮಂಜಿ, ನನ್ ಕೆಲ್ಸನ ಯಾರ್ಗಾದ್ರೂ ಒಪ್ಪುಸ್ಬೇಕಲ್ಲವ್ವ" ಅಂದೆ. ಅದಕ್ಕೆ ನಾನು ಏನಂದೆ? "ಥೂ, ಬಿಡ್ತು ಅನ್ನಪ್ಪ! ಇನ್ನಿಪ್ಪತ್ತೊರ್ಷ ನೀನೇ ಎಣಿಸ್ತೀಯ" ಅಂದೆ. ಲೋಕಿ ದನದ ಕಡೆ ನೋಡಿದ. ಅಮ್ಮ ಒಲೆಯ ನೆಪ ಹೇಳಿ ಒಳಗೆ ಹೋದಳು. ಕೆಲಸ ಇಸಿದುಕೊಂಡರೆ ನೀನು ಹೋಗುತ್ತೀಯ ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತಿತ್ತಲ್ಲ? "ಆಯ್ತು ಬಿಡವ್ವ" ಅಂತ ನೀನು ನಕ್ಕೆ. ಮೃಗಶಿರ ಮಳೆ ಹುಟ್ಟಿದ ಮೂರನೇ ದಿನ ಹೋದೆ. ನಿನ್ನ ಕೆಲಸ ಯಾರಿಗೂ ಸೇರದೆ ಹಾಗೇ ಉಳಿಯಿತು.

ಹಿರಿಯರ ಹಬ್ಬಕ್ಕೆ ನಾನು ತರೀಕೆರೆಯಿಂದ ಹಿಂದಿನ ದಿನವೇ ಬಂದಿದ್ದೆ. ಹಿರಿಯರ ಸಾಲಿನಲ್ಲಿ ನೀನು ಕೂತ ಮೊದಲ ಹಬ್ಬ. ಹಿಂದಿನ ಕೋಣೆಯಲ್ಲಿ ಎಡೆಯಿಟ್ಟು, ಹೊಸ ಪಂಚೆ, ಟವೆಲು ಇಟ್ಟೆವು. ಲೋಕಿ ಬೀಡಿ ಕಟ್ಟು ಇಡಲು ಹೋದರೆ ಅಮ್ಮ ಬಿಡಲಿಲ್ಲ. "ಬ್ಯಾಡ ಕಣೋ, ಉಬ್ಬಸ ಜಾಸ್ತಿ ಆಯ್ತದೆ" ಅಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವನು ಅಮ್ಮನ ಕಣ್ಣು ತಪ್ಪಿಸಿ ಎರಡು ಬೀಡಿ ಪಂಚೆಯ ಮಡಿಕೆಯಲ್ಲಿ ಸಿಕ್ಕಿಸಿಟ್ಟ. ಸಿಕ್ಕಿತೇ ನಿನಗೆ?

ಮರುದಿನ ಬೆಳಿಗ್ಗೆ ಕೋಡಿ ಬಿತ್ತು. ಹಸ್ತ ಮಳೆ ಮೂರು ದಿನದಿಂದ ಹಿಡಿದಿತ್ತು, ಮೇಲಿನ ಕೆರೆಗಳ ನೀರೆಲ್ಲ ನಮ್ಮದಕ್ಕೇ ಇಳಿದಿತ್ತು. ಹೆಂಗಸರು ಅರಿಶಿನ ಕುಂಕುಮ, ಮೊರದ ಬಾಗಿನ ಹಿಡಿದು ಓಡಿದರು. ಹುಡುಗರು ಮೊಬೈಲು ಎತ್ತಿ ಹಿಡಿದು ಕೇಕೆ ಹಾಕಿದರು. ನಾನು ಆ ಬಿಳೀ ನೀರು ಕಲ್ಲಿನ ಮೇಲೆ ಬೀಳುವುದನ್ನು ನೋಡುತ್ತ ನಿಂತೆ. ರಂಗಪ್ಪ ಮಾವ ಪಕ್ಕಕ್ಕೆ ಬಂದು, "ನಿಮ್ಮಪ್ಪ ಇರ್ಬೇಕಿತ್ತು ಕಣೇ" ಅಂದ. ಅಪ್ಪ, ನನಗೆ ಆ ನೀರು ನೋಡಿ ಸಂತೋಷವೇ ಆಗಲಿಲ್ಲ. ನಿನಗೆ ತೋರಿಸಲಾಗದ ನೀರು ನನಗೇಕೆ ಅನ್ನಿಸಿತು.

ಎಲ್ಲರೂ ಕೋಡಿಯ ಹತ್ತಿರವಿದ್ದಾಗ ಲೋಕಿ ಮಾತ್ರ ತೂಬಿನ ಕಡೆ ಹೋಗಿದ್ದ. ಅವನು ಗೊತ್ತಲ್ಲ, ಪಂಚನಹಳ್ಳಿಯಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಮಾಡಿಕೊಂಡಿರುವವನು, ಜನ್ಮದಲ್ಲಿ ಕೆರೆಯ ಕಡೆ ತಿರುಗಿ ನೋಡಿದವನಲ್ಲ. ಆದರೆ ನೀನು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದೆಯಲ್ಲ: "ಏರಿ ಒಡೆಯಾದು ಮೇಲಿನ್ ನೀರಿಂದಲ್ಲ, ಒಳಗಿನ್ ಬಿಲದಿಂದ. ಸೋರೋ ನೀರು ತಿಳಿಯಾಗಿದ್ರೆ ಹೆದ್ರಬ್ಯಾಡ, ಕದಡಿದ್ರೆ ನಿಲ್ಲಬ್ಯಾಡ." ಮಧ್ಯಾಹ್ನದ ಹೊತ್ತಿಗೆ ಅವನು ಓಡಿ ಬಂದು, "ಅಕ್ಕಾ, ತೂಬಿನ್ ಪಕ್ಕ ಸೋರ್ತಿದೆ, ನೀರು ಕೆಂಪಗಿದೆ ಕಣೇ" ಅಂದ. ಯಾರೂ ಇನ್ನೊಂದು ಮಾತು ಕೇಳಲಿಲ್ಲ. ಅವನು ಪಂಚಾಯ್ತಿಗೆ ಫೋನು ಮಾಡುತ್ತಲೇ ದನದ ಹಗ್ಗ ಬಿಚ್ಚಿದ. ನಾನು ಅಟ್ಟದಿಂದ ಡಬ್ಬಿ ಇಳಿಸಿದೆ. ಅಮ್ಮ ಗಂಟು ತೆಗೆದಳು. ಸವಿತಾ ಮಾತ್ರೆಯ ಡಬ್ಬಿ ಹಿಡಿದು, ಮಗಳ ಕೈ ಹಿಡಿದು ಹೊರಟಳು. ಅವಳಿಗೆ ಐದು ತಿಂಗಳಾಗಿತ್ತು ಆಗ. ನೋಡು, ನಿನ್ನ ಸೊಸೆ ಬಸುರಿ ಅನ್ನುವುದೂ ನಿನಗೆ ಗೊತ್ತಿಲ್ಲ.

ಬೀದಿಗೆ ಬಂದಾಗ ಕೋಡಿಯ ಹಳ್ಳ ಉಕ್ಕಿ ನೀರು ಮೀನಖಂಡದವರೆಗೆ ಬಂದಿತ್ತು. ಪಂಚಾಯ್ತಿಯ ಆಟೋ ಮೈಕು ಹಿಡಿದು ಬರುವ ಮೊದಲೇ ಕೇರಿಯೆಲ್ಲ ಹೊರಟಿತ್ತು. ಯಾಕೆ ಗೊತ್ತೇ? "ನೀರುಗಂಟಿ ಮನೇರು ಹೊರಟ್ರು ಕಣ್ರಪ್ಪೋ!" ಅಂತ ರಂಗಪ್ಪ ಮಾವ ಕೂಗಿದ. ನಿಜವಾಗಿ ಕೂಗಿದ, ಅಣಕಕ್ಕಲ್ಲ. ಅವನು ಟೀವಿಯನ್ನು ತಲೆಯ ಮೇಲೆ ಹೊತ್ತು ದಿಬ್ಬ ಹತ್ತಿದ್ದನ್ನು ನೀನು ನೋಡಬೇಕಿತ್ತು. ಮೇಲೆ ಹೋದವರು ಹುಣಸೆಮರದ ಬುಡಕ್ಕೆ ನುಗ್ಗಿದರೆ ಲೋಕಿ ತಡೆದ. "ಮರದ್ ಕೆಳಗೆ ಬ್ಯಾಡ, ಸಿಡ್ಲು ಹೊಡೀತದೆ, ಬಂಡೆ ಪಕ್ಕ ಕೂತ್ಕಳಿ" ಅಂದ. ಥೇಟು ನಿನ್ನದೇ ದನಿ. ಎಲ್ಲ ನೀನು ಕಲಿಸಿದ ಹಾಗೇ ನಡೆಯಿತು ಅಂತ ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಅಷ್ಟರಲ್ಲಿ ಚೈತ್ರ ಹುರಿಹಿಟ್ಟಿನ ಗಂಟು ಬಿಚ್ಚುತ್ತಿದ್ದುದು ಕಣ್ಣಿಗೆ ಬಿತ್ತು. "ಅಜ್ಜಿ ಗಂಟು ನಿನ್ ಹತ್ರ ಯಾಕಿದೆಯೇ?" ಅಂದೆ. "ಅಜ್ಜೀನೇ ಕೊಟ್ರು. ನಂಗೆ ಕೈ ಖಾಲಿ ಬೇಕು ಅಂದ್ರು" ಅಂದಳು. ಸುತ್ತ ನೋಡಿದೆ. ಡಬ್ಬಿ ಇತ್ತು, ದನಗಳಿದ್ದವು, ಮಾತ್ರೆಯಿತ್ತು, ಗಂಟಿತ್ತು. ಅಮ್ಮ ಇರಲಿಲ್ಲ. ಅವಳು ಹಿಂದೆ ಬರುತ್ತಿದ್ದಾಳೆ ಅಂತ ನಾನು, ಅಕ್ಕನ ಜೊತೆಗಿದ್ದಾಳೆ ಅಂತ ಲೋಕಿ. ಎಲ್ಲರ ಸಾಮಾನೂ ದಿಬ್ಬ ಹತ್ತಿತ್ತು ಅಪ್ಪ, ತಲೆ ಎಣಿಸುವವರೇ ಇರಲಿಲ್ಲ.

ಡಬ್ಬಿಯನ್ನು ಸವಿತಾಳ ಕೈಗೆ ಹಾಕಿ ಓಡಿದೆ. ಲೋಕಿ ಏರಿಯ ಮೇಲಿನ ಗಂಡಸರನ್ನು ಕರೆಯಲು ಓಡಿದ. ಬೀದಿಯಲ್ಲಿ ನೀರು ಮೊಣಕಾಲು ಮುಟ್ಟಿತ್ತು. ನೆನೆದ ಮಣ್ಣಿನ ಗೋಡೆ ಹಿಡಿದು ನಡೆಯಬೇಡ ಅಂದಿದ್ದೆಯಲ್ಲ, ಬೀದಿಯ ನಡುವೆಯೇ ನಡೆದೆ. ದಾರಿಯುದ್ದಕ್ಕೂ ನಿನ್ನನ್ನು ಬೈದೆ, ನನ್ನನ್ನು ಬೈದುಕೊಂಡೆ. ಒಂದು ಮಾತು, "ಆಯ್ತಪ್ಪ, ಇನ್ಮೇಲೆ ನಾನು ಎಣಿಸ್ತೀನಿ" ಅಂತ ಒಂದು ಮಾತು ಅಂದಿದ್ದರೆ ಏನು ಗಂಟು ಹೋಗುತ್ತಿತ್ತು ನನ್ನದು?

ಮನೆಯ ಹತ್ತಿರ ಬಂದಾಗ ಒಳಗಿನಿಂದ ಅಮ್ಮನ ದನಿ ಕೇಳಿಸಿತು. "ಯಾರಾದ್ರೂ ಒಳಗಿದೀರಾ? ಇದ್ರೆ ಓ ಅನ್ನಿ." ನಡುಮನೆ, ಅಡುಗೆಮನೆ ಎಲ್ಲ ಮುಗಿಸಿ ಅವಳು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನಿನ್ನ ಎಡೆಯಿಟ್ಟಿದ್ದ ಕೋಣೆ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ಎರಡೂ ಕೈ ಖಾಲಿ. ಮೂರನೆಯ ಸಲ ಕೂಗಿದಳು. ತಲೆ ಸ್ವಲ್ಪ ವಾಲಿಸಿ ಕಾದಳು. ನಾನು ಆಗಲೇ ಹೋಗಿ ಕೈ ಹಿಡಿಯಬೇಕಿತ್ತು. ಸುಳ್ಳು ಯಾಕೆ ಹೇಳಲಿ, ನಾನೂ ಒಂದು ಕ್ಷಣ ಕಿವಿಗೊಟ್ಟು ನಿಂತೆ. ಯಾರು ಓ ಅನ್ನುತ್ತಾರೆ ಅಂತ ಕಾದೆವೋ ನಾವಿಬ್ಬರೂ...

"ಅಮ್ಮ, ನಡಿ" ಅಂದೆ. ಅವಳು ನನ್ನ ಕಡೆ ತಿರುಗಿ, "ಮೂರು ಸಲ ಕೂಗ್ದೆ ಕಣೇ. ನಿಮ್ಮಪ್ಪ ಮೂರು ಸಲ ಕೂಗ್ತಿದ್ರಲ್ಲ" ಅಂದಳು. "ಯಾರೂ ಇಲ್ಲ ಅಮ್ಮ. ಬಾಗ್ಲು ಎಳ್ಕೊ" ಅಂದೆ. ಆ ಮಾತು ಹೇಳುವುದು ನನಗೆ ಎಷ್ಟು ಕಷ್ಟವಾಯಿತು ಅಂತ ನಿನಗೆ ಮಾತ್ರ ಗೊತ್ತಾಗಬೇಕು. ಅವಳ ಒಂದು ಕೈ ನಾನು ಹಿಡಿದೆ, ಇನ್ನೊಂದನ್ನು ದಾರಿಯಲ್ಲಿ ಎದುರಾದ ಲೋಕಿ ಹಿಡಿದ. ದಿಬ್ಬ ಹತ್ತಿ ಕೂತು ಸೆರಗು ಹಿಂಡಿಕೊಳ್ಳುವಷ್ಟರಲ್ಲಿ ಕೆಳಗಿನಿಂದ ದೊಪ್ಪೆಂದು ಸದ್ದು ಬಂತು. ನಮ್ಮ ಹಿಂದಿನ ಕೋಣೆಯ ಗೋಡೆ ಕೂತಿತ್ತು.

ಏರಿ ಒಡೆಯಲಿಲ್ಲ ಅಪ್ಪ. ಅದನ್ನೂ ಹೇಳಿಬಿಡಬೇಕು. ಊರಿನ ಗಂಡಸರೆಲ್ಲ ಸೇರಿ ಮರಳಿನ ಮೂಟೆ ಹೊತ್ತು ಹಾಕಿದರು, ಜೆಸಿಬಿ ತಂದು ಕೋಡಿ ಅಗಲ ಮಾಡಿದರು, ಸಂಜೆಯ ಹೊತ್ತಿಗೆ ಸೋರುವುದು ನಿಂತಿತು. ನಮ್ಮದರ ಜೊತೆ ಇನ್ನೂ ಎರಡು ಮನೆಯ ಗೋಡೆ ಬಿದ್ದವು, ಒಳಗೆ ಯಾರೂ ಇರಲಿಲ್ಲ. ಒಂದು ವಾರಕ್ಕೇ ಮೇಲಿನ ಊರಿನವರು "ಸುಮ್ನೆ ಹೆದ್ರಿಸಿದ್ರು" ಅನ್ನತೊಡಗಿದರು. ರಂಗಪ್ಪ ಮಾವ ಟೀ ಅಂಗಡಿಯಲ್ಲಿ ಅವರ ಮೇಲೆ ಜಗಳಕ್ಕೇ ಹೋದನಂತೆ. ನಿನ್ನ ಪರವಾಗಿ ಅವನು ಜಗಳವಾಡುವ ಕಾಲವೂ ಬಂತು ನೋಡು. ಬಿದ್ದ ಗೋಡೆಯ ಅರ್ಜಿಗೆ ಡಬ್ಬಿ ತೆರೆದರೆ ಒಳಗಿನ ಕಾಗದಗಳಿಗೆ ಒಂದು ಹನಿಯೂ ತಾಗಿರಲಿಲ್ಲ. ಆ ಕೋಣೆಗೆ ಈಗ ಸಿಮೆಂಟ್ ಬ್ಲಾಕಿನ ಗೋಡೆ. ಲೋಕಿ ಅಲ್ಲಿ ಬುದ್ಧನ ಪಟ ಹಾಕಿದ್ದಾನೆ, ಪಕ್ಕದಲ್ಲಿ ಅಮ್ಮ ನಿನ್ನದು ಹಾಕಿದ್ದಾಳೆ. ನಿಮ್ಮಿಬ್ಬರ ಮುಖದಲ್ಲೂ ಒಂದೇ ಥರದ ಗಾಂಭೀರ್ಯ, ಚೈತ್ರಳಿಗೆ ಅದೇ ನಗು.

ಮೊನ್ನೆ ಭರಣಿ ಹುಟ್ಟಿತು. ನಾನು ಅಂಗಡಿಗೆ ಬೀಗ ಹಾಕಿ ಬೆಳಗಿನ ಬಸ್ಸಿಗೇ ಊರಿಗೆ ಹೋದೆ. ಸವಿತಾ ಬಾಣಂತನ ಮುಗಿಸಿ ಅಜ್ಜಂಪುರದ ತವರಿನಿಂದ ಬಂದಿದ್ದಳು. ಹೆಣ್ಣು ಮಗು ಅಪ್ಪ. ಮೂರು ತಿಂಗಳು ತುಂಬುತ್ತಾ ಬಂತು. ಮೂಗು ನಿನ್ನದೇ, ಪಾಪ! ಎಲ್ಲರೂ ಜಗಲಿಯ ಮೇಲೆ ನಿಂತೆವು. ನಿನ್ನ ಕೆಲಸ ನಾನೇ ತೆಗೆದುಕೊಳ್ಳಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಸವಿತಾ, "ನೀವ್ ಇರೋದು ತರೀಕೆರೇಲಿ. ನೀರೇನು ನಿಮ್ ಬಸ್ಸಿಗೆ ಕಾಯ್ತದಾ ಅತ್ಗೆ? ಮಾವನ್ ಕೆಲ್ಸ ನಂಗಿರ್ಲಿ" ಅಂದಳು. "ಕೂಸು?" ಅಂದೆ. ಅವಳು ಮಗುವನ್ನು ಗಂಡನ ಕೈಗೆ ಕೊಟ್ಟು, "ಕೂಸು ಅವ್ರ ಹತ್ರ. ನಂಗೆ ಕೈ ಖಾಲಿ ಬೇಕು" ಅಂದಳು.

ದನದ ಹಗ್ಗ ಚೈತ್ರಳಿಗೆ ಹೋಯಿತು, ಗಂಟು ಅಮ್ಮನಿಗೆ ವಾಪಸು ಬಂತು. ಡಬ್ಬಿ ನನ್ನದೇ, ನಾನಿಲ್ಲದ ದಿನ ಅದೂ ಅಮ್ಮನದು. ನಾನು ಮತ್ತೆ ಗಟ್ಟಿಯಾಗಿ ಕೇಳಿದೆ, "ಕೂಸು ಯಾರ ಹತ್ರ?" "ನನ್ ಹತ್ರ" ಅಂದ ಲೋಕಿ. "ಕೂಸು ಲೋಕಿ ಹತ್ರ" ಅಂದಳು ಅಮ್ಮ. "ಪಾಪು ಅಪ್ಪನ ಹತ್ರ" ಅಂದಳು ಚೈತ್ರ. ಎದುರು ಜಗಲಿಯಿಂದ ರಂಗಪ್ಪ ಮಾವ, "ಕೇಳುಸ್ತು ಕಣ್ರಮ್ಮ, ಇಡೀ ಕೇರಿಗೇ ಕೇಳುಸ್ತು, ಕೂಸು ಲೋಕಿ ಹತ್ರ!" ಅಂತ ಕೂಗಿದ. ಈ ಸಲ ಅವನೂ ಹೊರಟಿದ್ದ. ಅವನ ಹಿಂದೆ ಇನ್ನೂ ಎಂಟು ಮನೆಯವರು. ಟೀವಿ ಬೇಡ ಅಂತ ಒಪ್ಪಿಸಲು ಸಾಕುಸಾಕಾಯಿತು.

ದಿಬ್ಬದ ಮೇಲಿನಿಂದ ಸವಿತಾಳ ಕೂಗು ಕೇಳಿಸುತ್ತಿತ್ತು. ಮೊದಲನೆಯದು, ಎರಡನೆಯದು. ಮೂರನೆಯದಕ್ಕೆ ಅಮ್ಮ ಕಣ್ಣು ಮುಚ್ಚಿಕೊಂಡಳು. ಆಮೇಲೆ ಸವಿತಾ ಬರಿಗೈ ಬೀಸಿಕೊಂಡು ಏದುಸಿರು ಬಿಡುತ್ತ ಬಂದು, ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದಳು. ಮೊದಲು ಕೂಸಿನ ತಲೆ ಮುಟ್ಟಿದಳು. "ಎಷ್ಟಾಯ್ತೇ?" ಅಂದಳು ಅಮ್ಮ. "ನನ್ನೂ ಸೇರಿ ಆರು ಅತ್ತೆ. ಎಲ್ಲಾ ಇದೀವಿ." ನೀನಿದ್ದಾಗಲೂ ಆರೇ ಇದ್ದೆವು. ನಿನ್ನ ಬದಲಿಗೆ ಅಂತ ನಾನು ಹೇಳುವುದಿಲ್ಲ, ನಿನ್ನ ಬದಲಿಗೆ ಯಾರೂ ಇಲ್ಲ. ಇನ್ನು ಪ್ರತಿ ಭರಣಿಗೆ ಬರುತ್ತೇನೆ, ಡಬ್ಬಿ ಹೊರುತ್ತೇನೆ, ಯಾವ ಬಸ್ಸು ಬಂದು ನಿಂತರೂ ಕೆಳಗಿಡುವುದಿಲ್ಲ.

ಬಂಡೆಯ ಪಕ್ಕ ಲೋಕಿ ಕೂತಿದ್ದ. ಕೂಸು ಅವನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಚೈತ್ರ ನೀರಿನ ಚೊಂಬು ಕೊಡಲು ಹೋದರೆ, ಅವನು ಬೇಡ ಅಂತ ತಲೆಯಾಡಿಸಿದ. ಅವನ ಎರಡು ಕೈಗಳೂ ಕೂಸಿನ ಮೇಲಿದ್ದವು.

ನಿನ್ನ
ಮಂಜಿ